ಹಸಿಮರದ ಮೆಟ್ಟಿಲು

ದೊಡ್ಡ ಮಿಲ್ಲಿನ ಕೆಲಸ ಬಿಟ್ಟ ದಿನ ಮೇಸ್ತ್ರಿಗೆ ಐವತ್ತೊಂದು ವರ್ಷ. ಅದರಲ್ಲಿ ಇಪ್ಪತ್ತಾರನ್ನು ಅವನು ಒಂದೇ ಗರಗಸದ ಮುಂದೆ ನಿಂತು ಕಳೆದಿದ್ದ. ದಿಮ್ಮಿಯನ್ನು ಟ್ರಾಲಿಯ ಮೇಲೆ ಉರುಳಿಸಿದ ಕೂಡಲೇ ಅದರ ಸುತ್ತ ಒಮ್ಮೆ ನಡೆದು, ಇದರಲ್ಲಿ ಇಷ್ಟು ಹಲಗೆ, ಇಷ್ಟು ರೀಪು, ಮಿಕ್ಕಿದ್ದು ಒಲೆಗೆ ಎಂದು ಹೇಳಿದನೆಂದರೆ ಅದು ಅಷ್ಟೇ ಆಗುತ್ತಿತ್ತು. ಯಜಮಾನ ಗಿರಾಕಿಗಳನ್ನು ಒಳಗೆ ಕರೆತಂದು, "ನಮ್ಮ ಮೇಸ್ತ್ರಿ ಕಣ್ಣಲ್ಲೇ ಟೇಪು ಇಟ್ಕೊಂಡಿದಾನೆ ನೋಡಿ," ಎಂದು ತೋರಿಸುತ್ತಿದ್ದ. ಆ ಯಜಮಾನನ ಅಳಿಯ ಮ್ಯಾನೇಜರ್ ಕುರ್ಚಿಯಲ್ಲಿ ಕೂತ ಮೂರನೆಯ ವಾರಕ್ಕೆ, ಎಲ್ಲರ ಎದುರು, ದಿಮ್ಮಿಯೊಂದನ್ನು ಅಡ್ಡಾದಿಡ್ಡಿ ಕೊಯ್ದು ಹಾಳು ಮಾಡಿದೆ ಎಂದು ಮೇಸ್ತ್ರಿಯನ್ನು ಗದರಿದ. ಆ ದಿಮ್ಮಿಯ ಹೊಟ್ಟೆಯಲ್ಲಿ ಬಿರುಕಿತ್ತು. ಅದನ್ನು ತಪ್ಪಿಸಿ ಕೊಯ್ಯಲು ಬೇರೆ ದಾರಿಯೇ ಇರಲಿಲ್ಲ. ಮೇಸ್ತ್ರಿ ಅದನ್ನು ಹೇಳಲೂ ಹೋಗಲಿಲ್ಲ. ಮೆಷಿನ್ನು ಆರಿಸಿದ, ಕೈಗವಸು ಕಳಚಿ ಟ್ರಾಲಿಯ ಮೇಲಿಟ್ಟ, ಮನೆಗೆ ನಡೆದ.

ಅವನ ಹೆಂಡತಿ ಟೈಲರ್ ಅಂಗಡಿಯೊಂದರಲ್ಲಿ ಗುಂಡಿ ಹೊಲಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಬಂದವಳು ಗಂಡ ಹೊಸ್ತಿಲ ಮೇಲೆ ಕೂತಿರುವುದನ್ನು ಕಂಡು ಗಾಬರಿಯಾಗಿ, "ಕೈ ಕುಯ್ಕೊಂಡ್ರಾ?" ಎಂದಳು.

"ಇಲ್ಲ. ಕೆಲಸ ಬಿಟ್ಟೆ."

"ಕೈ ಕುಯ್ಕೊಂಡಿದ್ರೆ ಹದಿನೈದು ದಿನದಲ್ಲಿ ವಾಸಿಯಾಗೋದು," ಎಂದು ಹೇಳಿ ಒಳಗೆ ಹೋದಳು.

ಸ್ವಂತ ಮಿಲ್ಲಿನ ಮಾತು ತೆಗೆದವನು ಅವಳ ತಮ್ಮ. ಲಾರಿ ಓಡಿಸುತ್ತಿದ್ದ. ಒಮ್ಮೆ ಬಾಯಿ ತೆರೆದನೆಂದರೆ ಯಾರಾದರೂ ಕೈ ಹಿಡಿದು ನಿಲ್ಲಿಸಬೇಕಾದ್ದರಿಂದ ಬಂಧುಬಳಗದಲ್ಲೆಲ್ಲ ಅವನಿಗೆ ರೇಡಿಯೋ ಎಂದೇ ಹೆಸರು. ಕೆಟ್ಟವನಲ್ಲ. ಅಕ್ಕನಿಗೆ ಜ್ವರ ಬಂದರೆ ಲಾರಿಯನ್ನು ರಸ್ತೆ ಬದಿಯಲ್ಲಿ ಬಿಟ್ಟು ಓಡಿ ಬರುವಂಥವನು. ಭಾವ ಮನೆಯಲ್ಲಿ ಕೈಕಟ್ಟಿ ಕೂತದ್ದನ್ನು ಅವನಿಗೆ ನೋಡಲಾಗಲಿಲ್ಲ.

"ಭಾವ, ಇಪ್ಪತ್ತಾರು ವರ್ಷ ಆ ಮಿಲ್ಲು ನಡೆಸಿದ್ದು ಯಾರು? ನೀವು. ಯಜಮಾನ ಏನ್ ಮಾಡ್ತಿದ್ದ? ಫ್ಯಾನಿನ ಕೆಳಗೆ ಕೂತು ಹಲ್ಲು ಕೆದಕ್ತಿದ್ದ. ಹಲ್ಲು ಕೆದಕೋದು ನಮಗೆ ಬರಲ್ವಾ?"

ಮೇಸ್ತ್ರಿ ನಕ್ಕ. ಆದರೆ ಆ ಮಾತು ಅವನಿಗೆ ತುಂಬ ಹಿತವಾಗಿತ್ತು. ಅಳಿಯನೆದುರು ಆಡದೆ ನುಂಗಿದ ಮಾತುಗಳೆಲ್ಲ ಇನ್ನೂ ಗಂಟಲಲ್ಲೇ ಕೂತಿದ್ದವು. ಅವಕ್ಕೆಲ್ಲ ಒಂದು ಸ್ವಂತ ಮಿಲ್ಲೇ ಉತ್ತರ ಎಂದು ಅವನಿಗೆ ತೋರಿತು. ಹೆಂಡತಿ ಮಾತ್ರ ತಟ್ಟೆ ತೊಳೆಯುತ್ತ, "ಸಿಟ್ಟು ಇಳಿಯೋವರೆಗೆ ಕಾಯಿರಿ, ಆಮೇಲೆ ಮಾಡಿ," ಎಂದಳು. ಸಿಟ್ಟು ಇಳಿದ ಮೇಲೆ ಮಾಡುವ ಮನಸ್ಸೇ ಇರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಊರ ಹೊರಗಿನ ಹಳೆಯ ಗಾಜಿನ ಗೋದಾಮೊಂದು ಬಾಡಿಗೆಗೆ ಸಿಕ್ಕಿತು. ನೆಲ ಎಷ್ಟು ಗುಡಿಸಿದರೂ ಗಾಜಿನ ಚೂರು ಏಳುತ್ತಲೇ ಇದ್ದವು. ಮುಚ್ಚಿಹೋದ ಯಾವುದೋ ಮಿಲ್ಲಿನ ಹಳೆಯ ಪಟ್ಟಿ ಗರಗಸವನ್ನು ರೇಡಿಯೋ ಎಲ್ಲಿಂದಲೋ ಹೊಂದಿಸಿ ತಂದ. ಆಳೆತ್ತರದ ಎರಡು ಚಕ್ರ, ಅವುಗಳ ಮೇಲೆ ಸುತ್ತುವ ಹಲ್ಲಿನ ಪಟ್ಟಿ. ತುಕ್ಕು ಉಜ್ಜಿ, ಎಣ್ಣೆ ಹಚ್ಚಿ, ಹಸಿರು ಬಣ್ಣ ಬಳಿದ ಮೇಲೆ ಅದು ಹೊಸದರಂತೆಯೇ ಕಂಡಿತು. ಗಂಡ ಹೆಂಡತಿ ಇಬ್ಬರೂ ಹಳೆಯ ಮನೆ ಬಿಟ್ಟು ಗೋದಾಮಿನ ಹಿಂದಿನ ಕೋಣೆಗೆ ಬಂದರು. ಅವಳು ಗುಂಡಿ ಕೆಲಸ ಬಿಟ್ಟಳು.

ಮೊದಲ ಪೆಟ್ಟು ಬಿದ್ದದ್ದು ನೆಲದಿಂದ. ಮೆಷಿನ್ನು ಕೂರಿಸಲು ಹಾಕಿದ ಕಾಂಕ್ರೀಟು ಗಟ್ಟಿಯಾಗಲು ನಾಲ್ಕು ವಾರ ಬೇಕು ಎಂದು ಗಾರೆಯವನು ಹೇಳಿದ್ದ. ಒಂಬತ್ತನೆಯ ದಿನವೇ ಮೇಸ್ತ್ರಿ ಗರಗಸ ತಿರುಗಿಸಿದ. ಒಂದೂವರೆ ತಿಂಗಳಲ್ಲಿ ಮೆಷಿನ್ನು ಬೋಲ್ಟುಗಳ ಸುತ್ತ ಅಲುಗಾಡತೊಡಗಿತು. ಹಲಗೆ ಒಂದು ತುದಿಗೆ ಒಂದಂಗುಲವಿದ್ದರೆ ಇನ್ನೊಂದು ತುದಿಗೆ ಒಂದೂಕಾಲು. ಎಲ್ಲ ಕಿತ್ತು, ಮತ್ತೆ ಹಾಕಿ, ಈ ಸಲ ನಾಲ್ಕು ವಾರ ಸುಮ್ಮನೆ ಕೂರಬೇಕಾಯಿತು.

ಆಮೇಲೆ ಗರಗಸದ ಹಲ್ಲು. ದೊಡ್ಡ ಮಿಲ್ಲಿನಲ್ಲಿ ಮೂಲೆಯಲ್ಲೊಬ್ಬ ಮುದುಕ ಅರ ಹಿಡಿದು ಕೂತಿರುತ್ತಿದ್ದ. ಯಾರೊಂದಿಗೂ ಮಾತಿಲ್ಲ, ಕತೆಯಿಲ್ಲ. ಬೆಳಿಗ್ಗೆ ಬರುವಷ್ಟರಲ್ಲಿ ಹರಿತವಾದ ಬ್ಲೇಡು ಮೇಸ್ತ್ರಿಗಾಗಿ ಕಾದಿರುತ್ತಿತ್ತು. ತನ್ನ ಕೈಯ ನೇರದಿಂದಲೇ ಹಲಗೆ ನೇರ ಬರುತ್ತದೆ ಎಂದು ಅವನು ಇಪ್ಪತ್ತಾರು ವರ್ಷ ತಿಳಿದಿದ್ದ. ಈಗ ತಾನೇ ಅರ ಹಿಡಿದು ನೂರಾರು ಹಲ್ಲು ತೀಡಿ ಬ್ಲೇಡು ಏರಿಸಿದರೆ, ಅದು ದಿಮ್ಮಿಯೊಳಗೆ ಕುಡಿದವನಂತೆ ಅತ್ತಿತ್ತ ಹೋಗುತ್ತಿತ್ತು. ನಾಚಿಕೆ ಬಿಟ್ಟು ಆ ಮುದುಕನ ಮನೆ ಹುಡುಕಿಕೊಂಡು ಹೋದ. ಮುದುಕ ಬ್ಲೇಡಿನ ತುಂಡನ್ನು ಬೆಳಕಿಗೆ ಹಿಡಿದು ನೋಡಿ, "ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ, ಅಲ್ವೇನಪ್ಪ? ನೀನು ಎಲ್ಲ ನಿನ್ನ ಕಡೆಗೇ ತಿರುಗಿಸ್ಕೊಂಡಿದೀಯಲ್ಲ," ಎಂದ. ತಮಾಷೆಗೆ ಹೇಳಿದನೋ, ಚುಚ್ಚಿದನೋ ತಿಳಿಯಲಿಲ್ಲ. ನಾಲ್ಕು ಭಾನುವಾರ ಅವನ ಜಗಲಿಯಲ್ಲಿ ಕೂತು ಮೇಸ್ತ್ರಿ ಹಲ್ಲು ತೀಡುವುದನ್ನು ಕಲಿತ.

ಹಾಗೆ ಕಲಿತು ತೀಡಿದ ಬ್ಲೇಡನ್ನು ಮೊಳೆ ಮುರಿಯಿತು. ಅಂಗಳದ ಮರ, ರಸ್ತೆ ಬದಿಯ ಮರ ಎಂದು ರೇಡಿಯೋ ಸಿಕ್ಕಿದ್ದನ್ನೆಲ್ಲ ಹೇರಿಕೊಂಡು ಬರುತ್ತಿದ್ದ. ಎಂದೋ ಯಾರೋ ಬಟ್ಟೆ ಒಣಗಿಸಲು ಹೊಡೆದ ಮೊಳೆ, ಬೋರ್ಡು ತೂಗುಹಾಕಿದ ಕೊಕ್ಕೆ, ಎಲ್ಲವನ್ನೂ ಮರ ನುಂಗಿಕೊಂಡು ಮೇಲೆ ತೊಗಟೆ ಬೆಳೆಸಿಕೊಂಡಿರುತ್ತಿತ್ತು. ಒಂದು ಬೆಳಿಗ್ಗೆ ಬ್ಲೇಡು ಸಿಡಿದು ಮೇಸ್ತ್ರಿಯ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು. ಹೆಂಡತಿ ಒಳಗಿನಿಂದ ಓಡಿ ಬಂದವಳು ಅವನ ತಲೆ, ಭುಜ, ಎರಡೂ ಕೈಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಬೆರಳು ಹತ್ತೂ ಇವೆ ಎಂದು ಖಾತ್ರಿಯಾದ ಮೇಲೆ ನೆಲದ ಮೇಲೆ ಕುಸಿದು ಕೂತಳು. ಅಂದಿನಿಂದ ಪ್ರತಿ ದಿಮ್ಮಿಯನ್ನೂ ಅವಳೇ ಸುತ್ತಿಗೆಯಲ್ಲಿ ತಟ್ಟಿ, ತೊಗಟೆ ಕೆರೆದು, ಮೊಳೆ ಹುಡುಕಲು ನಿಂತಳು.

ಇಷ್ಟೆಲ್ಲ ಆದರೂ ಮೇಸ್ತ್ರಿ ಎದೆಗುಂದಿರಲಿಲ್ಲ. ಅವನ ಎದೆ ಕುಸಿಯಲು ಶುರುವಾದದ್ದು ಹಲಗೆಗಳು ನೆಟ್ಟಗೆ ಬರತೊಡಗಿದ ಮೇಲೆ. ಕೊಯ್ದ ಹಲಗೆಗಳನ್ನು ಕೊಳ್ಳುವವರಿರಲಿಲ್ಲ. ಬಂದವರು ಒಂದನ್ನು ಎತ್ತಿ, ಭಾರ ನೋಡಿ, ಮೂಸಿ, "ಇನ್ನೂ ಹಸಿ. ಒಣಗಲಿ, ಬರ್ತೀವಿ," ಎಂದು ಹೋಗುತ್ತಿದ್ದರು. ದೊಡ್ಡ ಮಿಲ್ಲಿನ ಹಿತ್ತಿಲಲ್ಲಿ, ತಗಡಿನ ಮಾಡಿನ ಕೆಳಗೆ, ಹಲಗೆ ಹಲಗೆಯ ನಡುವೆ ತೆಳು ಪಟ್ಟಿ ಇಟ್ಟು ಗಾಳಿಯಾಡಲು ಬಿಟ್ಟ ಅಟ್ಟಿಗಳು ವರ್ಷಗಟ್ಟಲೆ ನಿಂತಿರುತ್ತಿದ್ದವು. ದಿನಾ ಅವುಗಳ ಪಕ್ಕದಲ್ಲೇ ನಡೆದು ಹೋಗಿ ಅವನು ಕೈ ತೊಳೆಯುತ್ತಿದ್ದ. ಆ ಅಟ್ಟಿಗಳೇ ಮಿಲ್ಲಿನ ಅರ್ಧ, ಗರಗಸ ಉಳಿದರ್ಧ ಮಾತ್ರ ಎಂದು ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ. ಅಂಗುಲ ದಪ್ಪದ ಹಲಗೆ ಸರಿಯಾಗಿ ಒಣಗಲು ಹೆಚ್ಚುಕಡಿಮೆ ವರ್ಷ. ಅಷ್ಟು ದಿನ ತಡೆಯುವ ಶಕ್ತಿ ಅವರ ಬಳಿ ಇರಲಿಲ್ಲ. ಮೆಷಿನ್ನು ನಿಂತ ದಿನಗಳು ಹೆಚ್ಚಾದವು. ರೇಡಿಯೋ ಕೂಡ ಬಂದರೆ ಮಾತಿಲ್ಲದೆ ಕೂರತೊಡಗಿದ. ಅದನ್ನು ಕಂಡು ಅಕ್ಕನಿಗೆ ಹೆದರಿಕೆಯಾಯಿತು.

ಆಗ ಬಂದವನು ಬಡಗಿ.

ಬಡಗಿ ಮೇಸ್ತ್ರಿಯ ಇಪ್ಪತ್ತು ವರ್ಷದ ಗೆಳೆಯ. ಅವರ ಗೆಳೆತನ ಹುಟ್ಟಿದ್ದೇ ಜಗಳದಿಂದ. ದೊಡ್ಡ ಮಿಲ್ಲಿನಿಂದ ಕೊಂಡ ಹಲಗೆಯೊಂದನ್ನು ಬಡಗಿ ಹೆಗಲ ಮೇಲೆ ಹೊತ್ತು ವಾಪಸು ತಂದು, ಗರಗಸದ ಮುಂದೆ ಧೊಪ್ಪೆಂದು ಹಾಕಿ, "ಇದಕ್ಕಿನ್ನೂ ಮೈ ಬೆವರ್ತಾ ಇದೆ. ಇದರಲ್ಲಿ ಬಾಗಿಲು ಮಾಡಿದ್ರೆ ಆ ಮನೆಯವರು ಕಿಟಕಿಯಿಂದ ಓಡಾಡಬೇಕು," ಎಂದಿದ್ದ. ಮೇಸ್ತ್ರಿ ಹಲಗೆ ತಟ್ಟಿ ನೋಡಿ, ಒಳಗಿನಿಂದ ಒಣಗಿದ್ದನ್ನು ತಂದುಕೊಟ್ಟಿದ್ದ. ಅಂದಿನಿಂದ ಬಡಗಿ ಬೇರೆ ಯಾರ ಕೈಯ ಮರವನ್ನೂ ಮುಟ್ಟಿರಲಿಲ್ಲ. ಹಲಗೆ ಆರಿಸುವಾಗ ಬೆರಳ ಗೆಣ್ಣಿನಿಂದ ಮೂರು ಕಡೆ ತಟ್ಟಿ, ಕಿವಿಗೊಟ್ಟು ಕೇಳುವುದು ಅವನ ರೂಢಿ. ಡಾಕ್ಟರು ಎದೆ ಪರೀಕ್ಷೆ ಮಾಡಿದಂತೆ ಎಂದು ಮಿಲ್ಲಿನವರೆಲ್ಲ ನಗುತ್ತಿದ್ದರು.

ಈಗ ಅವನು ಮುಖ ಅರಳಿಸಿಕೊಂಡು ಬಂದಿದ್ದ. ಪೇಟೆ ಬೀದಿಯ ಹಳೆಯ ಲೈಬ್ರರಿಯಲ್ಲಿ ಮಹಡಿಯ ಓದುಕೋಣೆಗೆ ಹೋಗುವ ಮೆಟ್ಟಿಲು ಗೆದ್ದಲು ಹಿಡಿದು ಬಿದ್ದಿತ್ತು. ಹೊಸ ಮೆಟ್ಟಿಲು, ಕೈಹಿಡಿ ಎಲ್ಲ ಮಾಡುವ ಕೆಲಸ ಬಡಗಿಗೆ ಸಿಕ್ಕಿತ್ತು. ಅವನ ಜೀವಮಾನದ ದೊಡ್ಡ ಕೆಲಸ. ಉದ್ಘಾಟನೆಯ ತಾರೀಕೂ ಗೊತ್ತಾಗಿತ್ತು.

"ಒಂದೂವರೆ ಅಂಗುಲದ ಹಲಗೆ, ಇಪ್ಪತ್ತೊಂದು ಮೆಟ್ಟಿಲಿಗೆ. ಎರಡು ಬದಿಗೆ ಉದ್ದ ಹಲಗೆ. ಎಲ್ಲ ನಿನ್ನ ಹತ್ರಾನೇ," ಎಂದ ಬಡಗಿ. "ನಿನ್ನ ಮಿಲ್ಲಿಗೂ ಒಂದು ಹೆಸರು ಬರಲಿ. ಮೇಲೆ ಹತ್ತೋರೆಲ್ಲ ಕೇಳ್ತಾರೆ, ಮರ ಎಲ್ಲಿಂದು ಅಂತ."

ಮೇಸ್ತ್ರಿ ಹೂಂ ಎಂದ. ಅವನ ಬಳಿ ಇದ್ದದ್ದು ಇಪ್ಪತ್ತು ದಿನದ ಹಿಂದೆ ಕೊಯ್ದ ಹಲಗೆ. ಹೇಳುತ್ತೇನೆ, ಮರ ತೋರಿಸುವಾಗ ಹೇಳುತ್ತೇನೆ ಎಂದುಕೊಂಡ. ದೊಡ್ಡ ಮಿಲ್ಲಿಗೆ ಹೋಗಿ ಒಣ ಹಲಗೆ ಕೊಂಡು ತಂದು ಕೊಡಬಹುದಿತ್ತು. ಅದಕ್ಕೆ ಆ ಅಳಿಯನ ಮೇಜಿನ ಮುಂದೆ ನಿಲ್ಲಬೇಕಿತ್ತು. ಅದು ಅವನಿಂದಾಗಲಿಲ್ಲ. ಹಲಗೆಗಳನ್ನು ಬಿಸಿಲಿಗೆ ಹರಡಿದ. ಮೇಲೆ ಬಣ್ಣ ತಿರುಗಿ ಒಣಗಿದಂತೆ ಕಂಡವು; ಒಳಗೆ ನೀರು ಹಾಗೇ ಇತ್ತು.

"ಅವರಿಗೆ ಹೇಳಿದ್ರಾ?" ಎಂದು ಹೆಂಡತಿ ಎರಡು ಸಲ ಕೇಳಿದಳು. ಮೊದಲ ಸಲ ಅವನು, "ಅವನಿಗೆ ನಾನು ಹೇಳಬೇಕಾ? ಮರ ಮುಟ್ಟಿದ್ರೆ ಗೊತ್ತಾಗುತ್ತೆ," ಎಂದ. ಎರಡನೆಯ ಸಲ ರೇಗಿದ. "ಮಿಲ್ಲು ನಡೆಸೋದು ನಾನಾ ನೀನಾ?"

ಅವಳು ಸುತ್ತಿಗೆ ಎತ್ತಿಕೊಂಡು ಮುಂದಿನ ದಿಮ್ಮಿ ತಟ್ಟಲು ಹೋದಳು.

ಮರ ಒಯ್ಯಲು ಬಡಗಿ ಗಾಡಿ ತಂದ ಬೆಳಿಗ್ಗೆ ಮೇಸ್ತ್ರಿ ಅವನ ಬಲಗೈಯನ್ನೇ ನೋಡುತ್ತ ನಿಂತಿದ್ದ. ಗೆಣ್ಣು ಮಡಚಿ ಅವನು ತಟ್ಟಲಿ, ಕಿವಿಗೊಡಲಿ, "ಇದೇನಯ್ಯ ಇದು" ಎಂದು ಬಯ್ಯಲಿ. ಬೈದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಬಡಗಿ ಹಲಗೆಗಳ ಮುಂದೆ ನಿಂತವನು ಕೈ ಚಾಚಿ, ಹಾಗೇ ಹಿಂದೆ ತೆಗೆದುಕೊಂಡು ನಕ್ಕ.

"ನಿನ್ನ ಸ್ವಂತ ಮಿಲ್ಲಿನ ಮರ. ಇದನ್ನೂ ತಟ್ಟಿ ನೋಡಿದ್ರೆ ನನ್ನಂಥ ಪಾಪಿ ಇನ್ಯಾರು? ಏರಿಸ್ರಪ್ಪ."

ಆಳುಗಳು ಹಲಗೆ ಏರಿಸಿದರು. ಮೇಸ್ತ್ರಿಯ ನಾಲಗೆಯ ತುದಿಗೆ ಮಾತು ಬಂದಿತ್ತು. ಒಂದೇ ಒಂದು ವಾಕ್ಯ. ಹಗ್ಗ ಬಿಗಿದದ್ದಾಯಿತು, ಗಾಡಿ ಹೊರಟದ್ದಾಯಿತು, ರಸ್ತೆಯ ತಿರುವಿನಲ್ಲಿ ಬಡಗಿ ಕೈ ಬೀಸಿದ್ದೂ ಆಯಿತು. ಮೇಸ್ತ್ರಿ ತಾನೂ ಕೈ ಬೀಸಿದ. ಒಳಗೆ ಬಂದಾಗ ಹೆಂಡತಿ ಒಲೆಯ ಮುಂದೆ ಕೂತಿದ್ದಳು. ತಲೆ ಎತ್ತಲಿಲ್ಲ.

ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ, ಇವತ್ತು ಹೇಳಿಯೇ ಬಿಡುವುದು ಎಂದು ನಿಶ್ಚಯಿಸಿಕೊಂಡು ಬಡಗಿಯ ಮನೆಗೆ ಹೋದ. ಮನೆಯ ಮುಂದಿನ ಚಪ್ಪರದ ಕೆಳಗೆ ಹಲಗೆಗಳು ಗೋಡೆಗೆ ಒರಗಿದ್ದವು. ಒಂದಕ್ಕೆ ಮಾತ್ರ ಉಜ್ಜುಗೊರಡು ಹಾಕಿದಂತಿತ್ತು. ಮಿಕ್ಕವು ಹೋದ ಹಾಗೇ ಇದ್ದವು. ಬಡಗಿ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದ. ಬಡಗಿಯ ಹೆಂಡತಿ, "ಬನ್ನಿ ಅಣ್ಣ," ಎಂದು ಚಹಾ ತಂದಿಟ್ಟಳು.

"ಕೆಲಸ ಶುರು ಮಾಡಿಲ್ವಾ?" ಎಂದ ಮೇಸ್ತ್ರಿ.

"ಮಾಡಬೇಕು," ಎಂದ ಬಡಗಿ. ಚಹಾದ ಲೋಟವನ್ನು ಗೆಳೆಯನ ಕಡೆ ಸರಿಸಿ, "ಏನಾದ್ರೂ ಹೇಳೋಕೆ ಬಂದ್ಯಾ?" ಎಂದ.

ಅಷ್ಟು ನೇರವಾಗಿ ಕೇಳಿದ್ದಕ್ಕೆ ಮೇಸ್ತ್ರಿ ತಬ್ಬಿಬ್ಬಾದ. "ಏನಿಲ್ಲ, ಹೀಗೇ ಬಂದೆ," ಎಂಬ ಮಾತು ಅವನ ಅಪ್ಪಣೆಯನ್ನೇ ಕಾಯದೆ ಹೊರಬಂತು. ಚಹಾ ಕುಡಿದ. ಗರಗಸದ ಬೆಲ್ಟು, ರೇಡಿಯೋನ ಲಾರಿ, ಅದು ಇದು ಮಾತಾಡಿದ. ಎದ್ದು ಬಂದ.

ಮೆಟ್ಟಿಲು ತಾರೀಕಿಗೆ ಸರಿಯಾಗಿ ತಯಾರಾಯಿತು. ನೋಡಿದವರು ಕಣ್ಣು ತಂಪಾಯಿತು ಎಂದರು. ಎರಡು ಬದಿಯ ಹಲಗೆಗಳಲ್ಲಿ ತೋಡು ತೆಗೆದು, ಒಂದೊಂದು ಮೆಟ್ಟಿಲನ್ನೂ ಕೂದಲು ನುಸುಳದಂತೆ ಕೂರಿಸಿದ್ದ ಬಡಗಿ. ಉದ್ಘಾಟನೆಯ ದಿನ ಜನರ ಹಿಂದೆ ನಿಂತು ಮೇಸ್ತ್ರಿಯೂ ಹತ್ತಿ ಇಳಿದ. ಏನೂ ಆಗಲಿಲ್ಲ. ಏನೂ ಆಗುವುದಿಲ್ಲವೇನೋ ಎಂದು ಅವನಿಗೆ ಮೊದಲ ಬಾರಿಗೆ ಅನ್ನಿಸಿತು. ಆ ತಿಂಗಳು ಮಿಲ್ಲಿಗೆ ಇಬ್ಬರು ಹೊಸ ಗಿರಾಕಿಗಳೂ ಬಂದರು, ಲೈಬ್ರರಿಯ ಮೆಟ್ಟಿಲು ನೋಡಿಯೇ ಬಂದವರು.

ಬೇಸಿಗೆ ಕಾಲಿಟ್ಟಿತು. ಒಳಗಿನ ನೀರು ಆರುತ್ತಿದ್ದಂತೆ ಹಲಗೆಗಳು ತಮ್ಮ ಪಾಡಿಗೆ ತಾವು ಕುಗ್ಗಿದವು, ತಿರುಚಿಕೊಂಡವು. ಬದಿಯ ಹಲಗೆಗಳು ಹೊರಕ್ಕೆ ಬಾಗಿದವು. ಮೆಟ್ಟಿಲು ಕಿರುಗುಟ್ಟುತ್ತಿದೆ ಎಂದು ಲೈಬ್ರರಿಯವರು ಹೇಳಿ ಕಳಿಸಿದರು. ಬಡಗಿ ಚೀಲ ಹೆಗಲಿಗೇರಿಸಿಕೊಂಡು ಹೋದ. ಬಾಗಿಲಿಗೆ ಅಡ್ಡ ಕುರ್ಚಿ ಇಡಿಸಿ, ಯಾರನ್ನೂ ಹತ್ತಗೊಡದೆ, ಕೆಳಗಿನಿಂದ ಒಂದೊಂದನ್ನೇ ನೋಡುತ್ತ ಮೇಲೇರಿದ. ಹದಿನಾಲ್ಕನೆಯ ಮೆಟ್ಟಿಲು ಒಂದು ಬದಿಯ ತೋಡಿನಿಂದ ಆಗಲೇ ಈಚೆ ಬಂದಿತ್ತು. ಅವನು ಕಾಲಿಟ್ಟದ್ದೇ ಅದು ಬಾಗಿಲ ಕದದಂತೆ ಕೆಳಕ್ಕೆ ತೆರೆದುಕೊಂಡಿತು. ಕೆಳಗೆ ಕಲ್ಲುಚಪ್ಪಡಿಯ ನೆಲ. ಬಲಭುಜ ಮೊದಲು ನೆಲಕ್ಕೆ ಬಡಿಯಿತು.

ಸುದ್ದಿ ತಂದವನು ರೇಡಿಯೋ. ಬಾಗಿಲಲ್ಲಿ ನಿಂತು ಅವನು ಹೇಳಿದ್ದು ನಾಲ್ಕೇ ಮಾತು.

ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ ಬಡಗಿ ಮಲಗಿದ್ದ. ಭುಜದ ಕೀಲು ಚೂರಾಗಿದೆ, ಕೂಡಿಸಿದ್ದಾರೆ, ಆದರೆ ಕೈ ಇನ್ನು ಎದೆಗಿಂತ ಮೇಲೆ ಏಳುವುದಿಲ್ಲ ಎಂದು ಬಡಗಿಯ ಹೆಂಡತಿ ಪಿಸುದನಿಯಲ್ಲಿ ಹೇಳಿದಳು. "ಅವರಿಗೆ ಇನ್ನೂ ಹೇಳಿಲ್ಲ ಅಣ್ಣ. ನೀವೂ ಹೇಳಬೇಡಿ." ಲೈಬ್ರರಿಯವರು ಬಂದು ಕೆಲಸ ಹಾಳು ಮಾಡಿದನೆಂದು ಕೂಗಾಡಿ ಹೋಗಿದ್ದರಂತೆ. "ಇವರು ಒಂದು ಮಾತು ಎದುರಾಡಲಿಲ್ಲ. ನನ್ನ ಕೈ ತಪ್ಪಿತು ಅಂದ್ರು. ಇವರ ಕೈ ತಪ್ಪುತ್ತಾ ಅಣ್ಣ? ನೀವೇ ಹೇಳಿ, ನಿಮಗೆ ಗೊತ್ತಲ್ಲ."

ಮೇಸ್ತ್ರಿ ಕಿಟಕಿಯ ಸರಳುಗಳನ್ನು ನೋಡುತ್ತ, "ಇಲ್ಲ ತಂಗೀ, ತಪ್ಪಲ್ಲ," ಎಂದ. ಬಡಗಿ ಕಣ್ಣು ಮುಚ್ಚಿಕೊಂಡೇ ಇದ್ದ.

ಅದಾದ ಮೇಲೆ ಮೇಸ್ತ್ರಿ ಗರಗಸದ ಮುಂದೆ ಬರಿದೇ ನಿಲ್ಲತೊಡಗಿದ. ದಿಮ್ಮಿ ಎದುರಿಗಿದ್ದರೆ ಎಲ್ಲಿ ಶುರು ಮಾಡಬೇಕೆಂದು ಹೊಳೆಯುತ್ತಿರಲಿಲ್ಲ. ಮೆಟ್ಟಿಲು ಬಿದ್ದ ಸುದ್ದಿ ಕೇಳಿ ಹೊಸ ಗಿರಾಕಿಗಳು ಹಿಂದೆ ಸರಿದಿದ್ದರು. ಬಡಗಿಯ ಕೈ ಸರಿಯಿಲ್ಲ ಎಂದು ಊರು ಆಡಿಕೊಳ್ಳುತ್ತಿತ್ತೇ ಹೊರತು ಮರದ ಮಾತನ್ನು ಯಾರೂ ಎತ್ತಿರಲಿಲ್ಲ. ಅದು ಇನ್ನೂ ಭಾರವಾಗಿತ್ತು. ಒಂದು ಬೆಳಿಗ್ಗೆ ಹೆಂಡತಿ ಮೆಷಿನ್ನಿನ ಗುಂಡಿ ಆರಿಸಿ ಅವನೆದುರು ನಿಂತಳು.

"ಹೋಗಿ ಹೇಳಿ ಬನ್ನಿ. ಅವರು ಬಯ್ಯಲಿ, ಹೊಡೀಲಿ. ಹೀಗೆ ಇದ್ರೆ ನೀವೂ ಉಳಿಯಲ್ಲ, ನಾನೂ ಉಳಿಯಲ್ಲ."

ಬಡಗಿ ಮನೆಗೆ ಬಂದು ಆಗಲೇ ತಿಂಗಳಾಗಿತ್ತು. ಒಂದೇ ಕೋಣೆಯ ಮನೆ. ಗೋಡೆಯ ತುಂಬ ಉಳಿ, ಬೈರಿಗೆ, ಕೈಗರಗಸಗಳು ಅಳತೆಯ ಪ್ರಕಾರ ತೂಗುಬಿದ್ದಿದ್ದವು. ಅವುಗಳ ಕೆಳಗೆ ಅವನು ಕೂತಿದ್ದ, ಬಲಗೈಯನ್ನು ತೊಡೆಯ ಮೇಲೆ ಬೇರೆ ಯಾರದೋ ವಸ್ತುವಿನಂತೆ ಇಟ್ಟುಕೊಂಡು. ಹೆಂಡತಿ ಕೆಲಸ ಹುಡುಕಲು ಹೊರಗೆ ಹೋಗಿದ್ದಳು.

ಮೇಸ್ತ್ರಿ ಕೂರಲಿಲ್ಲ. ಕೂತರೆ ಮತ್ತೆ ಅದೂ ಇದೂ ಮಾತಾಡಿ ಎದ್ದುಹೋಗುತ್ತೇನೆಂದು ಅವನಿಗೆ ತನ್ನ ಮೇಲೆಯೇ ಭಯವಿತ್ತು.

"ಆ ಮರ ಹಸಿ ಇತ್ತು," ಎಂದ. "ಕೊಯ್ದು ಇಪ್ಪತ್ತು ದಿನ ಆಗಿತ್ತು ಅಷ್ಟೇ. ನನಗೆ ಗೊತ್ತಿತ್ತು. ನಿನಗೆ ಹೇಳಲಿಲ್ಲ."

ಬಡಗಿ ತಲೆ ಎತ್ತಿ ಅವನನ್ನು ನೋಡಿದ. ಆ ಮುಖದಲ್ಲಿ ಬೆರಗೇನೂ ಇರಲಿಲ್ಲ.

"ಗೊತ್ತು."

"ಏನು?"

"ಉಜ್ಜುಗೊರಡು ಹಾಕಿದ ಕೂಡಲೇ ಗೊತ್ತಾಯ್ತು. ಎದ್ದ ಸುರುಳಿ ಕೈಗೆ ಅಂಟ್ಕೊಳ್ತು. ಒಣ ಮರ ಹಾಗೆ ಅಂಟ್ಕೊಳ್ಳುತ್ತಾ?" ಬಡಗಿಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಒಂದು ಹಲಗೆ ಉಜ್ಜಿ ನಿಲ್ಲಿಸಿದೆ. ಮೂರು ದಿನ ಕೈಕಟ್ಟಿ ಕೂತೆ. ನೀನು ಬಂದು ಹೇಳ್ತೀಯ ಅಂತ. ಬಂದೆ. ನಾನೇ ಕೇಳಿದೆ, ಏನಾದ್ರೂ ಹೇಳೋದಿದ್ಯಾ ಅಂತ. ನೀನು ಚಹಾ ಕುಡ್ದು ಎದ್ದು ಹೋದೆ."

ಮೇಸ್ತ್ರಿ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಮತ್ಯಾಕೆ ಹಾಕಿದೆ? ವಾಪಸು ತಂದು ನನ್ನ ಮುಖದ ಮೇಲೆ ಎಸೀಬೇಕಿತ್ತು. ಆವತ್ತು ಎಸೆದಿದ್ಯಲ್ಲ, ದೊಡ್ಡ ಮಿಲ್ಲಲ್ಲಿ."

"ಅದು ಬೇರೆಯವರ ಮಿಲ್ಲು," ಎಂದ ಬಡಗಿ. "ಇದು ನಿಂದು. ವಾಪಸು ತಂದಿದ್ರೆ ಊರಿಗೆಲ್ಲ ಗೊತ್ತಾಗೋದು. ನಿನ್ನ ಮಿಲ್ಲು ಅವತ್ತೇ ಮುಚ್ಚೋದು." ಎಡಗೈಯಿಂದ ಬಲಗೈಯನ್ನು ಸರಿಸಿಟ್ಟುಕೊಂಡು, ಮತ್ತೆ ಹೇಳಿದ. "ನಿನಗೋಸ್ಕರ ಅಂತ ಪೂರ್ತಿ ಹೇಳಲ್ಲ. ತಾರೀಕು ನನಗೂ ಇತ್ತು. ನನಗೂ ಆಸೆ ಇತ್ತು, ಅಷ್ಟು ದೊಡ್ಡ ಕೆಲಸ ಕೈ ಬಿಟ್ಟು ಹೋಗುತ್ತೆ ಅಂತ ಭಯ ಇತ್ತು. ಸ್ಕ್ರೂ ಜಾಸ್ತಿ ಹಾಕಿದೆ. ಒಂದು ಬೇಸಿಗೆ ತಡೆಯುತ್ತೆ, ಆಮೇಲೆ ಮೆಲ್ಲಗೆ ಬದಲಾಯಿಸೋಣ ಅಂದ್ಕೊಂಡೆ. ನನ್ನ ತಪ್ಪು ನಂದು."

"ಇಲ್ಲ, ತಪ್ಪು ನಂದು. ನಾನು ಲೈಬ್ರರಿಯವರ ಹತ್ರ ಹೋಗಿ ಹೇಳ್ತೀನಿ. ಎಲ್ಲರಿಗೂ ಹೇಳ್ತೀನಿ."

"ಹೇಳು," ಎಂದ ಬಡಗಿ. "ಹೇಳಿದ್ರೆ ಕೈ ಮೇಲೆ ಏಳುತ್ತಾ?"

ಮೇಸ್ತ್ರಿ ನೆಲಕ್ಕೆ ಕುಕ್ಕರಿಸಿ ಮುಖ ಮುಚ್ಚಿಕೊಂಡು ಅತ್ತ. ಇಪ್ಪತ್ತು ವರ್ಷದ ಗೆಳೆತನದಲ್ಲಿ ಬಡಗಿ ಅವನು ಅತ್ತದ್ದನ್ನು ಕಂಡಿರಲಿಲ್ಲ. ಬಡಗಿ ಅವನನ್ನು ಸಮಾಧಾನ ಮಾಡಲಿಲ್ಲ, ಬಯ್ಯಲೂ ಇಲ್ಲ. ಅಳು ನಿಲ್ಲುವವರೆಗೆ ಕಾದು, "ಅವಳು ಬರೋ ಹೊತ್ತಾಯ್ತು," ಎಂದ. "ಅವಳಿಗೆ ಇದೇನೂ ಗೊತ್ತಿಲ್ಲ. ನಿನ್ನನ್ನ ಅಣ್ಣ ಅಂತಾಳೆ. ಹೋಗು. ಇನ್ನು ಬರಬೇಡ."

ಮೇಸ್ತ್ರಿ ಅಲ್ಲಿಂದ ನೇರ ಲೈಬ್ರರಿಗೆ ಹೋದ. ಮೆಟ್ಟಿಲನ್ನು ಕಿತ್ತು ಅಂಗಳದಲ್ಲಿ ರಾಶಿ ಹಾಕಿದ್ದರು. ಒಳಗೆ ಕಬ್ಬಿಣದ ಏಣಿಮೆಟ್ಟಿಲಿಗೆ ಬೆಸುಗೆ ಹಾಕುತ್ತಿದ್ದರು. ಮೇಲ್ವಿಚಾರಕನಿಗೆ ಅವನು ಎಲ್ಲ ಹೇಳಿದ. ಆತ ಕೇಳಿ, "ಹಾಗಾದ್ರೆ ಇಬ್ಬರೂ ಸೇರಿ ಮಾಡಿದ್ರಿ ಅನ್ನಿ," ಎಂದು ತನ್ನ ಕೆಲಸಕ್ಕೆ ತಿರುಗಿದ. ಅಷ್ಟೇ. ಒಬ್ಬನ ಹೆಸರಿಗೆ ಹತ್ತಿದ್ದ ಮಸಿ ಇಬ್ಬರಿಗೂ ಹತ್ತಿತು. ಮೊದಲಿನವನದು ಒರೆಸಿ ಹೋಗಲಿಲ್ಲ. ಸಂಜೆಯೊಳಗೆ ಆ ಮಾತು ಬಡಗಿಯ ಹೆಂಡತಿಯ ಕಿವಿಗೂ ಬಿತ್ತು. ಮರುದಿನ ಅವಳು ಮಿಲ್ಲಿನ ಬಾಗಿಲವರೆಗೆ ನಡೆದು ಬಂದಳು. ಒಮ್ಮೆ ಮೇಸ್ತ್ರಿಯನ್ನು, ಒಮ್ಮೆ ಅವನ ಹೆಂಡತಿಯನ್ನು ನೋಡಿದಳು. ಬಂದ ದಾರಿಯಲ್ಲೇ ತಿರುಗಿ ಹೋದಳು. ಅವಳು ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಮೇಸ್ತ್ರಿಯ ಹೆಂಡತಿ ಬಹಳ ದಿನ ಹೇಳುತ್ತಿದ್ದಳು.

ಮಿಲ್ಲು ಮುಚ್ಚಿತು. ಮೆಷಿನ್ನು ಕೊಳ್ಳಲು ಹಣ್ಣಿನ ಪೆಟ್ಟಿಗೆ ಮಾಡುವ ಹೆಂಗಸೊಬ್ಬಳು ಬಂದಳು. ಗಟ್ಟಿಗಿತ್ತಿ. ನೋಟ್‌ಬುಕ್ಕು ತೆರೆದು, "ಏನೇನು ಜಾಗ್ರತೆ ಮಾಡಬೇಕು ಹೇಳಿ. ನೀವು ಅನುಭವಸ್ಥರು," ಎಂದಳು. ಮೇಸ್ತ್ರಿ ನೆಲದ ಮಾತು ಹೇಳಿದ, ಹಲ್ಲು ತೀಡುವುದನ್ನು ತೋರಿಸಿದ, ಮೊಳೆ ಹುಡುಕುವುದನ್ನು ಹೇಳಿದ. ಅವಳು ಎಲ್ಲ ಬರೆದುಕೊಂಡಳು. ಹಲಗೆ ಒಂದು ವರ್ಷವಾದರೂ ಒಣಗಬೇಕು ಎಂದಾಗ ಮಾತ್ರ ಪೆನ್ನು ನಿಂತಿತು.

"ಅಷ್ಟು ದಿನ ಹೇಗೆ ಕಾಯೋದು ಸ್ವಾಮಿ? ಹೊಟ್ಟೆ ಕೇಳುತ್ತಾ?"

"ಕೇಳಲ್ಲಮ್ಮ," ಎಂದ ಮೇಸ್ತ್ರಿ. "ಕಾಯೋಕೆ ಆಗದಿದ್ರೆ ಹಸಿ ಅಂತ ಹೇಳಿ ಮಾರಿ. ಅಷ್ಟು ಮಾಡಿ ಸಾಕು."

ಅವಳು ತಲೆಯಾಡಿಸಿದಳು. ಬರೆದುಕೊಂಡಳೋ ಇಲ್ಲವೋ ಅವನು ನೋಡಲಿಲ್ಲ.

ರೇಡಿಯೋ ಮತ್ತೆ ಲಾರಿ ಹತ್ತಿದ. ಒಂದು ದಿನ ಭಾವನ ಎರಡೂ ಕೈ ಹಿಡಿದುಕೊಂಡು, "ನಾನು ಬಾಯಿ ಮುಚ್ಕೊಂಡು ಇರಬೇಕಿತ್ತು ಭಾವ," ಎಂದು ಮಗುವಿನಂತೆ ಅತ್ತ. ಮೇಸ್ತ್ರಿಗೆ ಅವನ ಮೇಲೆ ಸಿಟ್ಟಿರಲಿಲ್ಲ. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಮೇಸ್ತ್ರಿ ಸಿಮೆಂಟು ಕೊಳವೆಗಳ ಅಂಗಳವೊಂದರಲ್ಲಿ ಹಗಲು ಕಾವಲಿಗೆ ನಿಂತ. ಅಲ್ಲಿ ಮರವೆಂಬುದೇ ಇರಲಿಲ್ಲ. ಆ ಕೆಲಸ ಹಿಡಿದದ್ದೇ ಅದಕ್ಕೆ.

ಒಂದೂವರೆ ವರ್ಷದ ಮೇಲೆ ಒಂದು ಬೆಳಿಗ್ಗೆ ಅವನು ಬಸ್ಸು ಹತ್ತಿದಾಗ ನಿಂತವರ ನಡುವೆ ಬಡಗಿ ಇದ್ದ. ತಲೆ ಪೂರ್ತಿ ನೆರೆತಿತ್ತು. ಎಡಗೈಯಲ್ಲಿ ತರಕಾರಿ ಚೀಲ. ಬಲಗೈ ಮೇಲಿನ ಕಂಬಿಗೆ ಏಳುವಂತಿರಲಿಲ್ಲವಾದ್ದರಿಂದ ಅವನು ಸೊಂಟವನ್ನು ಸೀಟಿನ ಬದಿಗೆ ಒತ್ತಿಕೊಂಡು, ಕಾಲಗಲಿಸಿ ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬಸ್ಸು ತಿರುವಿನಲ್ಲಿ ಜೋರಾಗಿ ವಾಲಿತು. ಬಡಗಿ ಜೋಲಿ ಹೊಡೆದ. ಮೇಸ್ತ್ರಿ ಯೋಚಿಸದೆಯೇ ಮುಂದಾಗಿ ಅವನ ತೋಳು ಹಿಡಿದ.

"ಬೇಡ," ಎಂದ ಬಡಗಿ.

ಮೇಸ್ತ್ರಿ ಕೈ ತೆಗೆದ. ಇನ್ನೂ ಮೂರು ನಿಲ್ದಾಣ ದೂರವಿದ್ದರೂ ಮುಂದಿನದರಲ್ಲೇ ಇಳಿದು, ಕೊಳವೆಯ ಅಂಗಳದ ಕಡೆಗೆ ನಡೆದ.